ಅತ್ತೆ ಸಿಕ್ಕಿಸಿದ ನಾಲ್ಕು ಉಂಗುರ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು; ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೆ. ಓದುವವರು ಮನ್ನಿಸಬೇಕು. ನಡೆದದ್ದನ್ನು ಮಾತ್ರ ಅತ್ತೆಗೆ ಎರಡು ಸಲ ಓದಿ ಹೇಳಿ ತಿದ್ದಿದ್ದೇನೆ.

ಅತ್ತೆ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ಕಸಾಯಿಖಾನೆಯಿಂದ ಬಂದ ಆಡಿನ ರಕ್ತನಾಳವನ್ನು ಸಣ್ಣ ಸಣ್ಣ ಉಂಗುರಗಳಾಗಿ ಕತ್ತರಿಸಿ, ಎರಡು ತಂತಿಕೊಕ್ಕೆಗಳಿಗೆ ಸಿಕ್ಕಿಸಿ, ಬೆಚ್ಚನೆಯ ಉಪ್ಪುನೀರಿನ ಗಾಜಿನ ಪಾತ್ರೆಯಲ್ಲಿ ಇಳಿಬಿಡುವುದು ಅವಳ ಕೆಲಸ. ಉಂಗುರ ಬಿಗಿದರೆ ಪರದೆಯ ಮೇಲಿನ ಗೆರೆ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ಉಂಗುರದ ಒಳಗಿನ ತೆಳು ಪೊರೆಯನ್ನು ಕೊಕ್ಕೆ ತರಚದಂತೆ ಸಿಕ್ಕಿಸುವುದರಲ್ಲಿ ಅವಳದು ಎತ್ತಿದ ಕೈ. ಇಪ್ಪತ್ತು ವರ್ಷದಲ್ಲಿ ಒಂದೂ ಕೆಟ್ಟಿಲ್ಲವೆಂದು ಎಲ್ಲರೂ ನಂಬಿದ್ದರು, ಅವಳೂ.

ಆ ದಿನ ಸಂಶೋಧನೆಯ ಹುಡುಗಿ ಒಂದು ಮದ್ದಿನಿಂದ ಉಂಗುರಗಳನ್ನು ಬಿಗಿಯಾಗಿಸಿ, ರಕ್ತದೊತ್ತಡ ಇಳಿಸುವ ಗುಣವಿದೆಯೇ ಎಂದು ನೋಡಲು ಬೇಲಿಬಳ್ಳಿಯ ಎಲೆಸಾರ ಹನಿಸಿದಳು. ನಾಲ್ಕು ಉಂಗುರ, ನಾಲ್ಕರ ಗೆರೆಯೂ ಇಳಿಯದೆ ಇದ್ದಲ್ಲೇ ಇತ್ತು.

"ಸಂಜೆ ಮೇಷ್ಟ್ರಿಗೆ ಹೇಳಿಬಿಡ್ತೀನಿ ಅಕ್ಕಾ, ಈ ಎಲೆ ಕೈಬಿಡೋಣ ಅಂತ. ಎರಡು ವರ್ಷ ಮಣ್ಣುಪಾಲಾಯ್ತು."

"ಮೊದಲು ಪರೀಕ್ಷೆ ಮದ್ದು ಹಾಕಿ ನೋಡಿದ್ಯಾ?" ಅತ್ತೆ ಕೇಳಿದಳು. ಪೊರೆ ನೆಟ್ಟಗಿದ್ದರೆ ಮಾತ್ರ ಆ ಮದ್ದಿಗೆ ಉಂಗುರ ಸಡಿಲಾಗುತ್ತದೆ; ಪೊರೆ ಕೆಟ್ಟಿದ್ದರೆ ಎಲೆಸಾರದ ಗುಣವೂ ಕಾಣದೆ ಹೋಗಬಹುದು.

"ಇಲ್ಲ. ನೀವು ಸಿಕ್ಕಿಸಿದ್ದಕ್ಕೂ ಪರೀಕ್ಷೆನಾ?"

ಬೆಳಗ್ಗೆ ಕೊಕ್ಕೆಯ ತುದಿ ಅತ್ತೆಗೆ ಎರಡೆರಡಾಗಿ ಕಂಡಿತ್ತು. ಅಂದಾಜಿನ ಮೇಲೆ ಸಿಕ್ಕಿಸಿದ್ದಳು. ಈಗ ಸುಮ್ಮನಿದ್ದರೆ ಅವಳ ಕೈಯ ಹೆಸರು ಉಳಿಯುತ್ತಿತ್ತು, ಎಲೆಯ ಹೆಸರು ಕೆಡುತ್ತಿತ್ತು.

"ಈಗ ಹಾಕು," ಎಂದಳು.

ಮದ್ದು ಬಿತ್ತು. ಗೆರೆ ಅಲುಗಲಿಲ್ಲ.

"ಎಲೆದು ತಪ್ಪೋ ಸರಿಯೋ ಇನ್ನೂ ಗೊತ್ತಿಲ್ಲ ಕಣಮ್ಮಾ. ಪೊರೆ ಕೆರೆದುಹಾಕಿರೋದು ನಾನು."

ಹುಡುಗಿಯ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರು ಬಂದಾಗಲೂ ಅತ್ತೆ ಅದನ್ನೇ ಹೇಳಿದಳು.

"ನಿಮ್ಮ ಕೈಯಿಂದಾನಾ?" ಎಂದರು ಅವರು.

"ಕೈ ಚೆನ್ನಾಗೇ ಇದೆ ಸಾರ್. ಕಣ್ಣು ರಜೆ ಹಾಕಿದೆ."

ಭೂತಗನ್ನಡಿ ತರಿಸಿ, ಉಸಿರು ಬಿಗಿಹಿಡಿದು ಹೊಸ ಉಂಗುರ ಸಿಕ್ಕಿಸಿದಳು. ಪರೀಕ್ಷೆ ಮದ್ದಿಗೆ ಗೆರೆ ಇಳಿಯಿತು. ಉಂಗುರವನ್ನು ತೊಳೆದು, ಮತ್ತೆ ಬಿಗಿಯಾಗಿಸಿ, ಎಲೆಸಾರ ಹನಿಸಿದರು. ಗೆರೆ ಮಂಡಿನೋವಿನ ಅಜ್ಜಿ ಮೆಟ್ಟಿಲಿಳಿದಂತೆ ಮೆಲ್ಲಮೆಲ್ಲಗೆ ಅರ್ಧದವರೆಗೆ ಇಳಿದು ನಿಂತಿತು. ಹುಡುಗಿ ಆ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು.

"ಒಂದು ಉಂಗುರ ಸಡಿಲಾದ ಮಾತ್ರಕ್ಕೆ ಔಷಧ ಸಿಕ್ಕಿತು ಅಂತಲ್ಲ. ಇನ್ನೂ ಹತ್ತಾದರೂ ನೋಡಬೇಕು," ಎಂದರು ಮೇಷ್ಟ್ರು.

"ನೂರು ಬೇಕಾದ್ರೂ ಸಿಕ್ಕಿಸಿಕೊಡ್ತೀನಿ. ಆದ್ರೆ ನಂದಕ್ಕೂ ಪರೀಕ್ಷೆ ಆಗ್ಲೇಬೇಕು," ಎಂದಳು ಅತ್ತೆ.

ಕನ್ನಡಕ ಮಾತ್ರ ಬೇಡವಂತೆ, ಮುಖಕ್ಕೆ ಒಪ್ಪುವುದಿಲ್ಲವಂತೆ. ನಾಳೆ ಬೆಳಗ್ಗೆ ನಾನೇ ಅವಳನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ.