ಬೆಲ್ಲದ ಗೋದಾಮಿನ ಬಾಡಿಗೆ

ನಮ್ಮ ಮನೆಯ ಹಿಂದಿನ ಗೋದಾಮನ್ನು ನಾನು ಒಂದು ಮಹಿಳಾ ಸಂಘಕ್ಕೆ ಬಾಡಿಗೆ ತೆಗೆದುಕೊಳ್ಳದೆ ಬಿಟ್ಟುಕೊಟ್ಟಿದ್ದೆ. ಕಬ್ಬಿಣದ ಅದಿರಿನ ದಂಧೆ ಏರುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ದನದ ಕೊಟ್ಟಿಗೆಗೂ ಬಾಡಿಗೆ ಬರುತ್ತಿತ್ತು. ಹಾಗಾಗಿ ನನ್ನೊಳಗೆ ಒಂದು ಸಣ್ಣ ಹೆಮ್ಮೆ ಇತ್ತು, ಸದ್ದು ಮಾಡದ ಹೆಮ್ಮೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದೇ ಹಾಗೆ: ಕೊಡು, ಆದರೆ ಕೊಟ್ಟೆ ಅಂತ ಹೇಳಿಕೊಳ್ಳಬೇಡ. ನಾನು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿಲ್ಲ ಎಂಬುದನ್ನು ಮಾತ್ರ ದಿನಕ್ಕೊಮ್ಮೆಯಾದರೂ ನೆನಪಿಸಿಕೊಳ್ಳುತ್ತಿದ್ದೆ.

ಗೋದಾಮು ನಮ್ಮ ಮಾವನವರ ಕಾಲದ್ದು. ಕಂಪ್ಲಿ ಕಡೆಯಿಂದ ಬಂದ ಬೆಲ್ಲವನ್ನು ಅಲ್ಲಿ ಪೇರಿಸಿಡುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬೆಲ್ಲ ಹೋಗಿ ವಾಸನೆ ಉಳಿದಿತ್ತು. ಬೇಸಿಗೆ ಬಂತೆಂದರೆ ಇರುವೆಗಳು ಮಾತ್ರ ಇನ್ನೂ ಆಸೆ ಬಿಡದೆ ಗೋಡೆ ಹತ್ತುತ್ತಿದ್ದವು. ದಪ್ಪ ಕಲ್ಲಿನ ಗೋಡೆ, ಒಂದೇ ಬಾಗಿಲು, ಎತ್ತರದಲ್ಲಿ ಎರಡು ಸಣ್ಣ ಕಿಟಕಿ. ಯಜಮಾನರು ತೀರಿಕೊಂಡ ಮೇಲೆ ಬೀಗ ಹಾಕಿಟ್ಟಿದ್ದೆ.

ಸಂಘದ ಹೆಂಗಸರು ಕೌದಿ ಹೊಲಿಯುವವರು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಹಂಪಿಯ ಬಜಾರಿನಲ್ಲಿ ಒಂದು ಅಂಗಡಿಗೆ ಕೊಡುತ್ತಿದ್ದರು. ಫಾರಿನರುಗಳು ಅವನ್ನು ಇಷ್ಟಪಟ್ಟು ಕೊಳ್ಳುತ್ತಿದ್ದರು. ಮೊದಲು ಅವರು ಕೂರುತ್ತಿದ್ದದ್ದು ಸಂಡೂರು ರಸ್ತೆಯ ಪಕ್ಕದ ಒಂದು ಗುಡಿಯ ಪಡಸಾಲೆಯಲ್ಲಿ. ಅದಿರಿನ ಲಾರಿಗಳು ಹೆಚ್ಚಾದಂತೆ ಧೂಳೂ ಹೆಚ್ಚಿತು. ಬಿಳಿ ಪಂಚೆಯ ಕೌದಿ ಮುಗಿಯುವ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಎಷ್ಟು ಒಗೆದರೂ ಹೋಗದ ಕೆಂಪು. ಅಂಗಡಿಯವನು ಒಂದು ಮೂಟೆ ಕೌದಿಯನ್ನು ಹಾಗೇ ವಾಪಸು ಕಳಿಸಿದ. ಗೋಡೆ, ಬಾಗಿಲು ಇರುವ ಜಾಗ ಬೇಕು, ಬಾಡಿಗೆ ಕೊಡುವ ಶಕ್ತಿ ಇಲ್ಲ ಎಂದು ಸಂಘದ ಕಾರ್ಯದರ್ಶಿ ನನ್ನ ಬಳಿ ಬಂದಳು. ಆಕೆ ರಿಟೈರಾದ ನರ್ಸು. ಊರೆಲ್ಲ ನರ್ಸಮ್ಮ ಎಂದೇ ಕರೆಯುತ್ತಿತ್ತು. ನಾನು ಬೀಗದ ಕೈ ತೆಗೆದು ಕೊಟ್ಟುಬಿಟ್ಟೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಇವರಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ತೀನಿ ನರ್ಸಮ್ಮ," ಎಂದೆ. "ಫಾರಿನರ್ಸ್ ಜೊತೆ ತಾವೇ ಮಾತಾಡೋ ಹಾಗೆ ಆಗಲಿ. ಕಾನ್ಫಿಡೆನ್ಸ್ ಬರತ್ತೆ."

ನರ್ಸಮ್ಮ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಆಗ್ಲಿ ಬಿಡ್ರಿ ಮೇಡಮ್ಮಾರ, ನಿಮ್ಮ ದೊಡ್ಡ ಮನಸು," ಎಂದಳು. ಆ ಒಂದು ಕ್ಷಣವನ್ನು ನಾನು ಕೃತಜ್ಞತೆ ಎಂದುಕೊಂಡೆ.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪಾಠ. ಗೋದಾಮಿನ ಬಾಗಿಲ ಹತ್ತಿರದ ಮೂಲೆಯಲ್ಲಿ ನಮ್ಮ ಮನೆಯ ಬೆತ್ತದ ಕುರ್ಚಿ, ಒಂದು ಬ್ಲಾಕ್‌ಬೋರ್ಡ್. ಹನ್ನೆರಡು ಜನರ ಸಂಘದಲ್ಲಿ ಪಾಠಕ್ಕೆ ನಾಲ್ಕೇ ಜನ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಉಳಿದವರು ಆಚೆ ತುದಿಯಲ್ಲಿ ಹೊಲಿಯುತ್ತಿದ್ದರು. ಸ್ಮಾಲ್ ಬ್ಯಾಚ್ ಇದ್ದರೇ ಒಳ್ಳೆಯದು ಎಂದುಕೊಂಡೆ. ದಿಸ್ ಈಸ್ ಎ ನೀಡಲ್. ದಟ್ ಈಸ್ ಎ ಕ್ವಿಲ್ಟ್. ನಾಲ್ಕನೇ ಪಾಠ ಎಕ್ಸ್‌ಕ್ಯೂಸ್ ಮಿ. ಅಲ್ಲಿಂದ ಮುಂದೆ ಹೋಗಲು ನಮಗೆ ಆಗಲೇ ಇಲ್ಲ. ವರ್ಷ ಕಳೆದರೂ ನೀಡಲ್ ಎಂದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುವರು. ನಾನು ಮತ್ತೆ ಮೊದಲನೇ ಪಾಠಕ್ಕೆ ಬರುವೆ. "ಪೂರ್ ಥಿಂಗ್ಸ್, ಸ್ಲೋ ಲರ್ನರ್ಸ್, ಆದರೆ ಭಾಳ ಶ್ರದ್ಧೆ," ಎಂದು ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳಿದ್ದೂ ಉಂಟು. ಬರುವ ನಾಲ್ವರು ಪ್ರತಿ ಸಲವೂ ಬೇರೆ ಬೇರೆಯವರು ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ. ಬಿದ್ದದ್ದನ್ನು ಯೋಚಿಸಿರಲಿಲ್ಲ.

ನಮ್ಮ ಮಹಡಿಯನ್ನು ಒಂದು ಲಾರಿ ಟ್ರಾನ್ಸ್‌ಪೋರ್ಟಿನವರಿಗೆ ಬಾಡಿಗೆಗೆ ಕೊಟ್ಟಿದ್ದೆ. ಅದರ ಮ್ಯಾನೇಜರು ಆಂಧ್ರದವನು, ನನ್ನನ್ನು ಅಮ್ಮಗಾರು ಎಂದು ಕರೆಯುತ್ತಿದ್ದ. ಒಂದು ದಿನ ಅವನು ಟೇಪು ಹಿಡಿದು ಬಂದು ಗೋದಾಮಿನ ಉದ್ದ ಅಗಲ ಅಳೆದ. ಟೈರು, ಸ್ಪೇರ್ ಪಾರ್ಟು ಇಡಲು ಜಾಗ ಬೇಕಂತೆ. ಅವನು ಹೇಳಿದ ಬಾಡಿಗೆ ಕೇಳಿ ನನಗೆ ಬಾಯಿ ಒಣಗಿತು. "ಲೆಟ್ ಮಿ ಥಿಂಕ್," ಎಂದೆ. ಕೊಡುವ ಉದ್ದೇಶ ನನಗಿರಲಿಲ್ಲ. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಬಾರದು ಎಂದು ಕಲಿತವಳು ನಾನು. ಆದರೂ ಆ ಮೊತ್ತವನ್ನು ಒಂದೆರಡು ದಿನ ಮನಸ್ಸಿನಲ್ಲೇ ಹೊರಳಿಸಿ ನೋಡಿದ್ದು ಸುಳ್ಳಲ್ಲ.

ಆ ಶುಕ್ರವಾರ ಬಿಸಿಲು ಜೋರಿತ್ತು. ಪಾಠಕ್ಕೆ ಮುಂಚೆ ಹೆಂಗಸರಿಗೆ ಪಾನಕ ಮಾಡಿಸೋಣವೆಂದು ಗೋದಾಮಿನ ಕಿಟಕಿಯ ಕೆಳಗಿನ ಗಿಡದಲ್ಲಿ ನಿಂಬೆಕಾಯಿ ಕೀಳುತ್ತಿದ್ದೆ. ಒಳಗೆ ಮಾತು ನಡೆದಿತ್ತು. ಅವರಲ್ಲಿ ಹಿರಿಯಳನ್ನು ಎಲ್ಲರೂ ಮರಿಯಮ್ಮನಹಳ್ಳಿಯಾಕಿ ಎನ್ನುತ್ತಿದ್ದರು, ತವರಿನ ಹೆಸರಿಂದ. ಅವಳ ದನಿ ನನಗೆ ಗುರುತು.

"ಇವತ್ತು ಯಾರ ಪಾಳಿ ಲೇ?"

"ನಂದಲ್ಲಬೇ. ನಾ ಮಂಗಳವಾರ ಕುಂತಿದ್ನೆಲ್ಲ."

"ಮಂಗಳವಾರ ಕುಂತಾಕಿ ಕಂಪ್ಲಿಯಾಕಿ. ನೀ ಹಲ್ಲು ನೂಸ್ತಾವು ಅಂತ ತಪ್ಪಿಸ್ಕೊಂಡಿ."

"ಖರೇನೇ ನೂಸ್ತಿದ್ವು."

"ಹಲ್ಲು ನೂಸಿದ್ರ ಕಿವಿಗೇನಾಗಿತ್ತು? ಕುಂತು ಕೇಳಾಕ ಹಲ್ಲು ಬೇಕೇನು?"

ನಗು. ನಾನೂ ಹೊರಗೆ ನಿಂತು ನಕ್ಕೆ, ಅದನ್ನು ಹೇಳಬೇಕು. ಆಮೇಲೆ ಮರಿಯಮ್ಮನಹಳ್ಳಿಯಾಕಿ ಅಂದಳು:

"ಇವತ್ತು ನಾಲ್ಕು ಮಂದಿ ಸಾಲಂಗಿಲ್ಲ. ಆರು ಮಂದಿ ಹೋಗಿ ಬಾಡಿಗಿ ಕಟ್ರಿ."

"ಯಾಕ, ಆರು ಯಾಕ? ಎರಡು ಕೌದಿ ನಿಂದ್ರತಾವು. ಅಂಗಡಿಯಾವ ಮೊದ್ಲ ಬೈಯಾಕತ್ಯಾನ."

"ಮ್ಯಾಲಿನಾವ ಟೇಪು ಹಿಡದು ಅಳದು ಹೋಗ್ಯಾನ, ನೋಡ್ಲಿಲ್ಲೇನು? ಹೊಸಪ್ಯಾಟ್ಯಾಗ ಎಲ್ಲಾರ ಬಾಡಿಗಿ ಏರೇತಿ. ನಮ್ದೂ ಏರೇತಿ."

ಮತ್ತೆ ನಗು. ಕಂಪ್ಲಿಯಾಕಿ, ಅವರಲ್ಲೇ ಚಿಕ್ಕವಳು, ಕೇಳಿದಳು: "ಬಾಡಿಗಿ ಅನ್ನಾಕ ಇಂಗ್ಲೀಷ್‌ನ್ಯಾಗ ಏನಂತಾರಬೇ?"

"ರೆಂಟು."

"ಮೇಡಮ್ಮಾರು ಅದೊಂದು ಹೇಳಿಕೊಟ್ಟಿಲ್ಲ ನೋಡು."

ಈ ಸಲ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಡಿಲಲ್ಲಿ ನಿಂಬೆಕಾಯಿ ಹಿಡಿದು ನಾನು ನಿಂತೇ ಇದ್ದೆ.

ಒಂದು ಕೌದಿಗೆ ನಾಲ್ಕು ಜನ. ನಾಲ್ಕು ಮಗ್ಗುಲಿಗೆ ಕೂತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಒಬ್ಬಳು ಎದ್ದುಹೋದರೆ ಉಳಿದ ಮೂವರು ಕಾಯಬೇಕು, ಇಲ್ಲದಿದ್ದರೆ ಬಟ್ಟೆ ಒಂದು ಕಡೆ ಎಳೆದುಕೊಳ್ಳುತ್ತದೆ. ನನ್ನ ಪಾಠಕ್ಕೆ ಬರುತ್ತಿದ್ದ ನಾಲ್ವರು ಎಂದರೆ ನಿಂತುಹೋದ ಒಂದು ಕೌದಿ. ಅವರಿಗೆ ಕೂಲಿ ಕೌದಿಯ ಲೆಕ್ಕದಲ್ಲಿ. ಇಷ್ಟು ದಿನ ಕಣ್ಣೆದುರೇ ಇದ್ದದ್ದು ಕಿಟಕಿಯ ಕೆಳಗೆ ನಿಂತಾಗ ತಿಳಿಯಿತು.

ಮೂರಕ್ಕೆ ಒಳಗೆ ಹೋದೆ. ಆರು ಜನ ಚಾಪೆಯ ಮೇಲೆ ಕೂತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆ ಬಾಚಿಕೊಂಡು. ಹಿಂದೆ ಎರಡು ಕೌದಿಗಳು ಸೂಜಿ ಚುಚ್ಚಿದಂತೆಯೇ ಬಿದ್ದಿದ್ದವು. ನಾನು ಹೇಗೆ ಪಾಠ ಮಾಡಿದೆನೋ ದೇವರೇ ಬಲ್ಲ. ಕೊನೆಯಲ್ಲಿ, "ಮುಂದಿನ ವಾರದಿಂದ ಪಾಠ ಇರೋದಿಲ್ಲ," ಎಂದೆ. ನಿರಾಳವಾಗುತ್ತಾರೆ ಎಂದು ಮುಖ ನೋಡಿದೆ. ಮರಿಯಮ್ಮನಹಳ್ಳಿಯಾಕಿಯ ಕೈ ಸೆರಗನ್ನು ಸುತ್ತಿ ಸುತ್ತಿ ಬಿಚ್ಚುತ್ತಿತ್ತು.

ಮಂಗಳವಾರ ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದೆ. ಹನ್ನೆರಡೂ ಜನ ಬಂದು ಮುಂದೆ ಸಾಲಾಗಿ ನಿಂತರು. ಎಲ್ಲರ ಕೈಯಲ್ಲೂ ಸ್ಲೇಟು. ಕೆಲವು ಮಕ್ಕಳ ಸ್ಲೇಟುಗಳು, ಚೌಕಟ್ಟು ಮುರಿದಿದ್ದವು.

"ಗುಡ್ ಆಫ್ಟರ್‌ನೂನ್ ಮೇಡಂ," ಎಂದರು ಒಟ್ಟಿಗೆ.

"ನಮ್ದು ಏನರ ತಪ್ಪಾಗಿದ್ರ ಹೇಳ್ರಿ," ಎಂದಳು ಮರಿಯಮ್ಮನಹಳ್ಳಿಯಾಕಿ. "ನಮ್ಮ ತಲಿ ಸ್ವಲ್ಪ ಮಂದ ಐತಿ, ಒಪ್ಕೋತೀನಿ. ಇನ್ನ ಮ್ಯಾಲ ಎಲ್ಲಾರೂ ಕುಂದ್ರತೀವಿ. ಪಾಠ ಮಾತ್ರ ಬಿಡಬ್ಯಾಡ್ರಿ."

ಆಮೇಲೆ, ನಾನು ಕೇಳದೆಯೇ, ಸೆರಗಿನಲ್ಲಿ ಚುಚ್ಚಿಕೊಂಡಿದ್ದ ಸೂಜಿಯನ್ನು ಕಿತ್ತು ಎತ್ತಿ ಹಿಡಿದು, "ದಿಸ್ ಈಸ್ ಎ ನೀಡಲ್," ಎಂದಳು. ವಯಸ್ಸಿನಲ್ಲಿ ನನಗೆ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಉಚ್ಚಾರ ಸರಿಯಾಗಿತ್ತು.

ನನ್ನ ಬದುಕಿನಲ್ಲಿ ನಾನು ಬೇರೆ ಸಲವೂ ತಲೆ ತಗ್ಗಿಸಿದ್ದೇನೆ. ಆದರೆ ನನ್ನ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಸೂಜಿ ಎತ್ತಿ ಹಿಡಿದು ನಿಂತ ಆ ಹೊತ್ತಿನ ನಾಚಿಕೆ ಇವತ್ತಿಗೂ ಮೈಗೆ ಅಂಟಿದೆ. ಕಿಟಕಿಯ ಕೆಳಗೆ ಕೇಳಿದ್ದನ್ನು ಹೇಳಿಬಿಡಬಹುದಿತ್ತು. ಹೇಳಿದರೆ ಅವರು ಇನ್ನೂ ಹೆದರುತ್ತಿದ್ದರು. "ಬನ್ನಿ," ಎಂದು ಎದ್ದು ಹೋಗಿ ಪಾಠ ಮಾಡಿದೆ. ಹನ್ನೆರಡು ಜನಕ್ಕೆ. ಒಂದು ಸೂಜಿಯೂ ಓಡಲಿಲ್ಲ ಆ ಮಧ್ಯಾಹ್ನ.

ಸಂಜೆ ನರ್ಸಮ್ಮ ಬಂದಳು. ಕೂರಲಿಲ್ಲ.

"ಗೋದಾಮು ಮ್ಯಾಲಿನಾವ್ರಿಗೆ ಕೊಡ್ತೀರೇನ್ರಿ? ಕೊಡೂದಾದ್ರ ಮೊದ್ಲ ಹೇಳಿಬಿಡ್ರಿ, ಬ್ಯಾರೆ ಕಡೆ ನೋಡ್ಕೋತೀವಿ. ನಿಮ್ಮ ಆಸ್ತಿ, ನಾವು ಬ್ಯಾಡ ಅನ್ನಾಕ ಬರಂಗಿಲ್ಲ."

"ಇಲ್ಲ ನರ್ಸಮ್ಮ. ಗೋದಾಮು ನಿಮ್ಮದೇ. ಪಾಠಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಪಾಳಿಯ ವಿಷಯ ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

"ಅವ್ರೇನು ಕೆಟ್ಟ ಮನಸಿಂದ ಮಾಡಿದ್ದಲ್ರಿ," ಎಂದಳು ಮೆಲ್ಲಗೆ. "ಪುಗ್ಸಟ್ಟೆ ಕುಂತೀವಿ ಅಂತ ಅವ್ರಿಗೆ ಇರಸು ಮುರಸು. ಏನರ ಕೊಟ್ಟಂಗ ಆಗ್ಲಿ ಅಂತ."

"ನೀವಾದರೂ ನನಗೆ ಹೇಳಬಾರದಿತ್ತೆ?"

"ನೀವು ಎಷ್ಟು ಖುಷಿಲೆ ಬರ್ತಿದ್ರಿ ಮೇಡಮ್ಮಾರ. ಇಸ್ತ್ರಿ ಸೀರಿ ಉಟ್ಕೊಂಡು. ಹೆಂಗ ಹೇಳೂದ್ರಿ?"

ಇದಕ್ಕಿಂತ ಆಕೆ ನಾಲ್ಕು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಈಗ ಹೋಗಿ ಹೇಳಿ," ಎಂದೆ, "ಯಾರೂ ಎಬ್ಬಿಸೋದಿಲ್ಲ ಅಂತ."

"ನಾ ಹೇಳ್ತೀನ್ರಿ. ಅವ್ರು ನಂಬಬೇಕಲ್ಲ. ಗುಡಿಯಾವ್ರೂ ಇರ್ರಿ ಇರ್ರಿ ಅಂತಿದ್ರು, ಲಾರಿ ಬಂದ ಮ್ಯಾಲ ಇರಾಕ ಆತೇನ್ರಿ? ಬಾಯಿ ಮಾತು ಲಾರಿ ಗಾಳಿಗೆ ಹಾರಿ ಹೋಗತೈತಿ ಅಂತಾರ."

ಮರುದಿನವೇ ವಕೀಲರ ಹತ್ತಿರ ಹೋದೆ. ಸಂಘ ಇರುವ ತನಕ ಗೋದಾಮು ಸಂಘದ ಬಳಕೆಗೆ, ನನ್ನ ನಂತರ ಬಂದವರೂ ಬಿಡಿಸುವ ಹಾಗಿಲ್ಲ ಎಂದು ಪತ್ರ ಮಾಡಿಸಿ ರಿಜಿಸ್ಟರ್ ಮಾಡಿಸಿದೆ. ಮ್ಯಾನೇಜರಿಗೆ, ಬಹುಶಃ ಜೀವನದಲ್ಲಿ ಮೊದಲ ಸಲ, ನೇರವಾಗಿ ಇಲ್ಲ ಎಂದೆ. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ; ಆ ವಾರವೇ ಬೈಪಾಸಿನ ಹತ್ತಿರ ಬೇರೆ ಶೆಡ್ ಹಿಡಿದ. ಪತ್ರವನ್ನು ಮರಿಯಮ್ಮನಹಳ್ಳಿಯಾಕಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ನರ್ಸಮ್ಮ ಓದಿ ಹೇಳಿದಳು; ಒಮ್ಮೆ ಅಲ್ಲ, ಹೆಂಗಸರು ಎರಡು ಸಲ ಓದಿಸಿದರು.

ಅದಾದ ಮೇಲೆ ಬಂದ ಮಂಗಳವಾರ ನಾನು ಗಂಜಿ ಹಾಕಿದ ಸೀರೆ ಉಟ್ಟು, ಹೊಸ ಚಾಕ್‌ಪೀಸಿನ ಡಬ್ಬಿ ತೆಗೆದಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಪಾಠ ಇದೆ ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಈಗ ಬರುವವರು ಕಲಿಯಲಿಕ್ಕೇ ಬರುತ್ತಾರೆ ಎಂದು ನನ್ನ ಲೆಕ್ಕ. ಒಬ್ಬಳು ಬಂದರೂ ಸಾಕು. ಆ ಚಿಕ್ಕವಳು, ಕಂಪ್ಲಿಯಾಕಿ, ಬಂದೇ ಬರುತ್ತಾಳೆ ಎಂದುಕೊಂಡಿದ್ದೆ.

ಮೂರು ಹೊಡೆಯಿತು. ಗೋದಾಮಿನಿಂದ ಮಾತು, ನಗು ಕೇಳುತ್ತಿತ್ತು. ಹಿಂದೆ ನನ್ನ ಪಾಠದ ಹೊತ್ತಿನಲ್ಲಿ ಅಲ್ಲಿ ಅಷ್ಟು ಸದ್ದು ಇರುತ್ತಿರಲಿಲ್ಲ. ಯಾರೂ ಬರಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದೆನಲ್ಲ, ಒಬ್ಬಳಾದರೂ ಬರಬಾರದೆ ಎಂದು. ಆ ಮಾತು ನನ್ನೊಳಗೇ ಎದ್ದದ್ದು ಕೇಳಿ, ಇಲ್ಲೂ ಬಾಡಿಗೆ ಕೇಳುತ್ತಿದ್ದೀಯಲ್ಲ ಎನಿಸಿ, ಯಾರೂ ನೋಡದಿದ್ದರೂ ಮುಖ ಬಿಸಿಯಾಯಿತು.

ನಾಲ್ಕರ ಹೊತ್ತಿಗೆ ಇಬ್ಬರು ಬಂದರು, ಮರಿಯಮ್ಮನಹಳ್ಳಿಯಾಕಿ ಮತ್ತು ಕಂಪ್ಲಿಯಾಕಿ. ನಡುವೆ ನನ್ನ ಬೆತ್ತದ ಕುರ್ಚಿ. ಒರೆಸಿ, ಎಣ್ಣೆ ಹಚ್ಚಿದ್ದರು.

"ಕುರ್ಚಿ ತಂದೀವ್ರಿ ಮೇಡಮ್ಮಾರ. ಇನ್ನೊಂದು ಕೌದಿ ಹಾಸಬೇಕಾಗೇತಿ, ಜಾಗ ಸಾಲವಲ್ದು."

"ಬ್ಲಾಕ್‌ಬೋರ್ಡ್?"

"ಅದು ಇರ್ಲಿ ಬಿಡ್ರಿ," ಎಂದಳು ಹಿರಿಯಳು. "ಮ್ಯಾಲೆ ಬಟ್ಟಿ ಇಟ್ಟು ಕತ್ತರಸಾಕ ಭಾಳ ಚೊಲೋ ಐತಿ."

ಕುರ್ಚಿ ಒಳಗೆ ಹೋಗಬೇಕಿತ್ತು, ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ, ಕೈಯಲ್ಲಿ ಚಾಕ್‌ಪೀಸಿನ ಡಬ್ಬಿ. ಕಂಪ್ಲಿಯಾಕಿ ಭಾರಕ್ಕೆ ಸ್ವಲ್ಪ ಬಾಗಿ, ತಲೆ ಎತ್ತಿ, ಯಾವ ಕುಚೋದ್ಯವೂ ಇಲ್ಲದ ದನಿಯಲ್ಲಿ, "ಎಕ್ಸ್‌ಕ್ಯೂಸ್ ಮಿ ಮೇಡಂ," ಎಂದಳು.

ನಾನು ಸರಿದು ನಿಂತೆ.