ಗೇಟಿನಲ್ಲಿ ಎಲ್ಲರ ಬ್ರೇಕೂ ಬರೋಬರಿ

ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲು ಎರಡು. ಎರಡೂ ಬಲಗಾಲಿನ ಹತ್ತಿರವೇ ಇರುತ್ತವೆ. ಒಂದನ್ನು ತುಳಿದರೆ ಹಿಂದಿನ ಎಡಗಡೆಯ ಗಾಲಿ ನಿಲ್ಲುತ್ತದೆ, ಇನ್ನೊಂದನ್ನು ತುಳಿದರೆ ಬಲಗಡೆಯದು. ಹೊಲದಲ್ಲಿ ಗಕ್ಕನೆ ತಿರುಗಿಸಲು ಈ ಏರ್ಪಾಟು ಬೇಕು. ರಸ್ತೆಗೆ ಬಂದ ಮೇಲೆ ಮಾತ್ರ ಎರಡನ್ನೂ ಒಂದು ಕಬ್ಬಿಣದ ಕೊಂಡಿಯಿಂದ ಜೋಡಿಸಬೇಕು. ನಮ್ಮ ಕಡೆ ಟ್ರೇಲರಿಗೆ ಡಬ್ಬಿ ಅನ್ನುತ್ತಾರೆ. ಎರಡು ಡಬ್ಬಿ ಕಬ್ಬು ಎಳೆಯುತ್ತ ಇಳಿಜಾರಿನಲ್ಲಿ ಒಂದೇ ಪೆಡಲು ತುಳಿದಿರೋ, ಟ್ರ್ಯಾಕ್ಟರು ಅಡ್ಡ ತಿರುಗುತ್ತದೆ, ಹಿಂದಿನ ಡಬ್ಬಿ ನೂಕಿಕೊಂಡು ಬಂದು ಮೈಮೇಲೆ ಬೀಳುತ್ತದೆ. ಇಷ್ಟೇ ವಿಷಯ. ಇಷ್ಟನ್ನು ತಿಳಿಸಲಿಕ್ಕೆ ಕಾರ್ಖಾನೆಯವರು ನನ್ನನ್ನು ಸುರಕ್ಷತೆಯ ಮೇಲ್ವಿಚಾರಕನನ್ನಾಗಿ ಮಾಡಿದರು.

ಅದಕ್ಕೂ ಮೊದಲು ನಾನು ಅದೇ ಸಕ್ಕರೆ ಕಾರ್ಖಾನೆಯಲ್ಲಿ ಜೀಪಿನ ಡ್ರೈವರ್. ನಮ್ಮದು ರಬಕವಿಯ ನೇಕಾರರ ಮನೆ. ಅಪ್ಪನ ಮಗ್ಗದ ಗದ್ದಲಕ್ಕಿಂತ ಇಂಜಿನ್ನಿನ ಗದ್ದಲ ಲೇಸು ಅಂತ ಹದಿನೆಂಟಕ್ಕೇ ಮನೆ ಬಿಟ್ಟೆ. ಇಪ್ಪತ್ತೆರಡು ವರ್ಷ ಬೀಳಗಿ, ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಿಗೆ ಸಾಹೇಬರನ್ನು ಹೊತ್ತು ತಿರುಗಿದ ಮೇಲೆ ಬೆನ್ನೆಲುಬು ಸವೆಯಿತು. ಡಾಕ್ಟರು ಇನ್ನು ಗಾಡಿ ಹೊಡೆಯಬೇಡ ಅಂದರು. ಕಂಪನಿ ನನ್ನನ್ನು ಹೊರಗೆ ಹಾಕುವ ಬದಲು ಕೊರಳಿಗೊಂದು ಸೀಟಿ, ಕೈಗೊಂದು ರಿಜಿಸ್ಟರು ಕೊಟ್ಟು ಗೇಟಿನಲ್ಲಿ ಕೂಡಿಸಿತು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನಾನು ಸಾಹೇಬನಾದೆ.

ಆ ಅಧಿಕಾರ ನನ್ನ ತಲೆಗೆ ಏರಿತು. ಸುಳ್ಳೇಕೆ ಹೇಳಲಿ, ಏರಿತು. ನಿನ್ನೆಯ ತನಕ ನನ್ನ ಜೊತೆ ಒಂದೇ ಬುತ್ತಿ ಬಿಚ್ಚಿ ರೊಟ್ಟಿ ತಿಂದವರು ಇವತ್ತು ನನ್ನ ಮುಂದೆ ಇಂಜಿನ್ ಆರಿಸಿ, ಹಾಡಿನ ಪೆಟ್ಟಿಗೆ ಬಂದ್ ಮಾಡಿ, ಕೈ ಮುಗಿಯಬೇಕಿತ್ತು. ಮುಗಿಯದವರ ಡಬ್ಬಿಯ ಹಗ್ಗದಲ್ಲಿ, ಗಾಲಿಯ ಗಾಳಿಯಲ್ಲಿ ಏನಾದರೂ ತಪ್ಪು ಸಿಗುತ್ತಲೇ ಇತ್ತು.

ಆ ವರ್ಷ ಹಂಗಾಮಿನ ಮೊದಲಲ್ಲೇ ಎರಡು ಟ್ರ್ಯಾಕ್ಟರು ಅಡ್ಡ ಬಿದ್ದವು. ಎರಡರಲ್ಲೂ ಪೆಡಲಿನ ಕೊಂಡಿ ಹಾಕಿರಲಿಲ್ಲ. ದೊಡ್ಡ ಸಾಹೇಬರು ಕರೆದು, ‘ಕೊಂಡಿ ಇಲ್ಲದ ಗಾಡಿ ಒಳಗೆ ಬಿಟ್ಟರೆ ನಿನ್ನ ಕುರ್ಚಿ ಹೊರಗೆ’ ಅಂದರು. ನಾನು ಗೇಟಿನಲ್ಲಿ ತಪಾಸಣೆ ಶುರು ಮಾಡಿದೆ. ಪ್ರತಿ ಟ್ರ್ಯಾಕ್ಟರಿನ ಪೆಡಲು ಬಗ್ಗಿ ನೋಡುವುದು, ರಿಜಿಸ್ಟರಿನಲ್ಲಿ ‘ಸರಿ ಇದೆ’ ಅಂತ ಬರೆಯುವುದು, ಆಮೇಲೆ ತೂಕದ ಸರದಿ. ಒಂದು ವಾರದಲ್ಲಿ ನೂರಕ್ಕೆ ನೂರು ಗಾಡಿಗಳ ಕೊಂಡಿ ಬಿಗಿಯಾಗಿ ಕೂತಿರುತ್ತಿತ್ತು. ದೊಡ್ಡ ಸಾಹೇಬರು ಬೆನ್ನು ತಟ್ಟಿದರು.

ಆ ಕೊಂಡಿಗಳು ಎಲ್ಲಿ ಕೂಡುತ್ತಿದ್ದವು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೇಟಿಗಿಂತ ಸ್ವಲ್ಪ ಮೊದಲು ಕಾಲುವೆಯ ಸೇತುವೆ ಇದೆ. ಹೊಲದಿಂದ ಅಲ್ಲಿಯ ತನಕ ಎರಡೂ ಪೆಡಲು ಬೇರೆ ಬೇರೆ ಇಟ್ಟುಕೊಂಡೇ ಬಂದು, ಸೇತುವೆಯ ಮೇಲೆ ಇಳಿದು, ಕೊಂಡಿ ಹಾಕಿ, ಮೀಸೆ ತಿರುವಿಕೊಂಡು ನನ್ನ ಮುಂದೆ ನಿಲ್ಲುತ್ತಿದ್ದರು. ಹೊಲದಲ್ಲಿ ಹತ್ತು ಸಲ ಬಿಚ್ಚಿ ಹಾಕುವ ರಗಳೆ ಯಾರಿಗೆ ಬೇಕು? ನನಗೂ ಹೊಲಕ್ಕೆ ಹೋಗುವ ರಗಳೆ ಬೇಕಿರಲಿಲ್ಲ. ಗೇಟಿನಲ್ಲಿ ನೆರಳಿತ್ತು, ಚಹಾ ಬರುತ್ತಿತ್ತು.

ಆದರೆ ಎಲ್ಲರೂ ಸರಿ ಇದ್ದರೆ ನನ್ನ ಗದರಿಕೆಗೆ ಬೆಲೆ ಎಲ್ಲಿ? ಪೇಂಟರ್‌ಗೆ ಹೇಳಿ ಒಂದು ಹಲಗೆ ಬರೆಸಿಟ್ಟಿದ್ದೆ. ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ: ‘ನನಗೆ ಬ್ರೇಕ್ ಬೇಡ, ಹೆಣ ಬೇಕು’. ಎರಡೂ ಕಡೆ ತೂತು ಕೊರೆದು ಸುತಳಿ ಕಟ್ಟಿಸಿದ್ದೆ. ಹಲಗೆ ನನ್ನ ಕುರ್ಚಿಯ ಹಿಂದೆ ಒಂದು ಕೊರಳಿಗಾಗಿ ಕಾಯುತ್ತಿತ್ತು.

ಸಿಕ್ಕ ಕೊರಳು ಒಬ್ಬ ಮುದುಕನದು.

ಚಿಕ್ಕಪಡಸಲಗಿ ಕಡೆಯವನು. ಅಲ್ಲಿ ರೈತರೇ ಕೂಡಿ ಹೊಳೆಗೆ ಬ್ಯಾರೇಜು ಕಟ್ಟಿದಾಗ ಹರೆಯದಲ್ಲಿ ಟ್ರ್ಯಾಕ್ಟರಿನಲ್ಲಿ ಕಲ್ಲು ಹೇರಿದವನು. ಅವನಿಗೆ ಹೊಲವಿಲ್ಲ, ಮಕ್ಕಳಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಸ್ಟೇರಿಂಗ್ ಬಿಟ್ಟರೆ ಅವನಿಗೆ ಇನ್ನೊಂದು ಕೆಲಸ ಬರುತ್ತಿರಲಿಲ್ಲ. ನಮ್ಮ ಒಬ್ಬ ಸಾಗಣೆ ಗುತ್ತಿಗೆದಾರನ ಹಳೆಯ ಟ್ರ್ಯಾಕ್ಟರು ಹೊಡೆಯುತ್ತಿದ್ದ. ಅವನ ಗಾಡಿ ಒಮ್ಮೆಯೂ ಬಿದ್ದದ್ದನ್ನು ಯಾರೂ ನೋಡಿಲ್ಲ.

ಬೆಳಿಗ್ಗೆ ಒಂಬತ್ತರ ಸುಮಾರು. ಬಗ್ಗಿ ನೋಡಿದೆ, ಪೆಡಲು ಬೇರೆ ಬೇರೆ ಇದ್ದವು. ನನಗೆ ಖುಷಿಯಾಯಿತು.

‘ಏ ಮುದಕಾ, ಇಳಿ ಕೆಳಗ. ಕೊಂಡಿ ಎಲ್ಲಿ?’

‘ಕೊಂಡಿ ಐತ್ರಿ ಸಾಹೇಬ್ರ, ಅದು ಕುಂದ್ರೂ ತೂತು ಸವದು ಹೋಗೈತಿ. ಹಾಕಿದ್ರ ಎರಡ ಕುಣಿ ಜಿಗಿಯೂದ್ರಾಗ ಉಚ್ಚಿ ಬೀಳತೈತಿ. ಮಾಲಕರಿಗೆ ಮೂರ ಸಲ ಹೇಳೇನ್ರಿ. ಹಂಗಾಮ ಮುಗೀಲಿ ಅಂತಾರ.’

‘ಹಂಗಾರ ಇಷ್ಟ ದಿನಾ ಹ್ಯಾಂಗ ಹೊಡದಿ?’

‘ಅಂಗಾಲ ಅಡ್ಡ ಇಟ್ಟು ಎರಡೂ ಕೂಡೇ ತುಳೀತೇನ್ರಿ. ನನ್ನ ಕಾಲಿಗೆ ರೂಢಿ ಐತಿ. ಇನ್ನೊಬ್ಬರು ಹತ್ತಿದ್ರ ಕಷ್ಟ.’

‘ನಿನ್ನೆ ಬಂದಾಗ ಕೊಂಡಿ ಇತ್ತಲ್ಲೋ?’

‘ಸೇತುವಿ ಮ್ಯಾಗ ಹಾಕಿದ್ದೆ. ಎಲ್ಲಾರೂ ಅಲ್ಲೇ ಹಾಕ್ತಾರ್ರಿ. ಇವತ್ತ ಯಾಕೋ ಮನಸ್ಸ ಬರಲಿಲ್ಲ. ತೋರ್ಸಾಕ ಹಾಕಿ ಏನ ಮಾಡೂದ್ರಿ? ಸಿಟ್ಟಾಗಬ್ಯಾಡ್ರಿ, ನೀವು ಇಲ್ಲಿ ಗೇಟಿನ್ಯಾಗ ಕುಂತ ನೋಡೂದು ಅಂದ್ರ, ಊರ ಕೊಳ್ಳಿ ಹೊಡದ ಮ್ಯಾಗ ಅಗಸಿ ಬಾಗಲಾ ಹಾಕಿದಂಗ. ಹೊಲದ ಬದುವಿಗೆ ಬಂದ ನಿಲ್ಲರಿ. ಅಲ್ಲಿ ನೋಡ್ರಿ.’

ಸಾಲಿನಲ್ಲಿದ್ದ ಡ್ರೈವರುಗಳು ಕಿಸಕ್ಕನೆ ನಕ್ಕರು. ಮೂವತ್ತು ಮಂದಿಯಾದರೂ ಇದ್ದರು. ನನ್ನ ಕಿವಿ ಬಿಸಿಯಾಯಿತು. ಮುದುಕ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಹಲಗೆ ತಂದು ನಾನೇ ಅವನ ಕೊರಳಿಗೆ ಹಾಕಿದೆ. ಅವನು ತಲೆ ತಗ್ಗಿಸಿಕೊಟ್ಟ, ರುಮಾಲು ಬಿತ್ತು.

ಮಧ್ಯಾಹ್ನ ಎರಡರ ತನಕ ತೂಕದ ಕಟ್ಟೆಯ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದೆ. ಬರುವವರು ಹೋಗುವವರು ಹಲಗೆ ಓದಿದರು. ಓದು ಬಾರದವರಿಗೆ ನಾನೇ ಓದಿ ಹೇಳಿದೆ. ಒಬ್ಬ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ, ಇನ್ನೊಬ್ಬ ಕಬ್ಬಿನ ಸಿಪ್ಪೆ ಎಸೆದ. ನಾನು ತಡೆಯಲಿಲ್ಲ. ಒಂದು ಸಲ ಮುದುಕ ನೀರು ಕೇಳಿದ. ‘ಹೆಣಕ್ಕ ಬಾಯಾರಿಕಿ ಆಗತೈತೇನೋ?’ ಅಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಬಹಳ ರುಚಿಸಿತು.

ಎರಡು ಗಂಟೆಗೆ ಹಲಗೆ ತೆಗೆದಾಗ ಅವನು ಅಂದ: ‘ಹಲಗಿ ಬೇಕಾದ್ರ ನಾಳೆನೂ ಹಾಕ್ರಿ. ಸ್ಟೇರಿಂಗ್ ಕಸಗೋಬ್ಯಾಡ್ರಿ. ನಂಗ ಬ್ಯಾರೆ ಏನೂ ಗೊತ್ತಿಲ್ಲ.’

ಕಸಿದುಕೊಂಡೆ. ಗುತ್ತಿಗೆದಾರನನ್ನು ಕರೆದು, ಈ ಮುದುಕ ಮತ್ತೆ ಗೇಟು ದಾಟಬಾರದು ಅಂದೆ. ಗುತ್ತಿಗೆದಾರ, ‘ಆತ್ರಿ ಸಾಹೇಬ್ರ, ನಾಳೆನ ಬ್ಯಾರೆ ಮನಶ್ಯಾನ್ನ ಹಾಕ್ತೇನಿ’ ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸವೆದ ತೂತಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಅದೇ ಟ್ರ್ಯಾಕ್ಟರಿನ ಮೇಲೆ ನಮ್ಮೂರ ಪಕ್ಕದ ಬನಹಟ್ಟಿಯವನೊಬ್ಬ ಬಂದ. ಮೂವತ್ತೈದರ ಆಸುಪಾಸು. ಸೀರೆಯ ಗಂಟು ಸಾಗಿಸುವ ಟೆಂಪೋ ಹೊಡೆಯುತ್ತಿದ್ದವನು. ಆ ಕೆಲಸ ಕಡಿಮೆಯಾಗಿ ಇಲ್ಲಿಗೆ ಬಂದಿದ್ದ. ನನ್ನ ಊರಿನ ಮಾತು ಕೇಳಿ, ‘ಕಾಕಾ, ನೀವೂ ನಮ್ಮ ಕಡ್ಯಾವ್ರ?’ ಅಂತ ನಕ್ಕ. ಬಗ್ಗಿ ನೋಡಿದೆ. ಕೊಂಡಿಯ ಜಾಗದಲ್ಲಿ ಎರಡೂ ಪೆಡಲಿಗೆ ತಂತಿ ಸುತ್ತಿ ಬಿಗಿದಿದ್ದರು. ಗುತ್ತಿಗೆದಾರನ ಉಪಾಯ.

‘ಇದೇನೋ?’

‘ಮಾಲಕರು ಕಟ್ಟಿ ಕೊಟ್ಟಾರ್ರಿ. ಎರಡೂ ಕೂಡೇ ಹೋಗತಾವು, ನೋಡ್ರಿ.’ ತುಳಿದು ತೋರಿಸಿದ. ಹೌದು, ಎರಡೂ ಕೂಡಿಯೇ ಹೋದವು.

ಟೆಂಪೋಗೆ ಬ್ರೇಕಿನ ಪೆಡಲು ಒಂದೇ ಅಂತ ನನಗೆ ಗೊತ್ತಿತ್ತು. ತಂತಿ ಹರಿದರೆ ಅವನ ಕಾಲು ರೂಢಿಯಂತೆ ಒಂದನ್ನೇ ಹುಡುಕುತ್ತದೆ ಅಂತಲೂ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಗಾಡಿ ಹೊಡೆದವನಿಗೆ ಇದು ತಿಳಿಯದೇ? ಆದರೆ ತಂತಿ ಸರಿಯಿಲ್ಲ ಅಂದರೆ ತೂತಿನ ಮಾತು ಬರುತ್ತದೆ, ತೂತಿನ ಮಾತು ಬಂದರೆ ಮುದುಕ ಹೇಳಿದ್ದು ಖರೆಯಾಗುತ್ತದೆ. ಮುದುಕನ ಕೊರಳಿಗೆ ಹಲಗೆ ಹಾಕಿ ಇನ್ನೂ ಒಂದೇ ದಿನ ಆಗಿತ್ತು. ರಿಜಿಸ್ಟರಿನಲ್ಲಿ ‘ಸರಿ ಇದೆ’ ಅಂತ ಬರೆದೆ.

ನಾಲ್ಕನೆಯ ದಿನ ಮಧ್ಯಾಹ್ನ ಮಹಾಲಿಂಗಪುರದ ಕಡೆಯಿಂದ ಬರುವಾಗ ಇಳಿಜಾರಿನಲ್ಲಿ ಎದುರಿಗೆ ಎಮ್ಮೆಗಳ ಹಿಂಡು ಬಂತಂತೆ. ಅವನು ಜೋರಾಗಿ ಬ್ರೇಕು ತುಳಿದ. ತಂತಿ ಹರಿಯಿತು. ನಾನು ಹೋಗುವ ಹೊತ್ತಿಗೆ ಜನ ಕಬ್ಬು ಸರಿಸುತ್ತಿದ್ದರು. ಟ್ರ್ಯಾಕ್ಟರು ಮಗ್ಗುಲಾಗಿ ಬಿದ್ದಿತ್ತು, ಹಾಡಿನ ಪೆಟ್ಟಿಗೆ ಇನ್ನೂ ಹಾಡುತ್ತಿತ್ತು. ಯಾರೋ ಅದನ್ನು ಬಂದ್ ಮಾಡಲಿಕ್ಕೆ ಗುಂಡಿ ಹುಡುಕುತ್ತಿದ್ದರು. ಬಲಗಡೆಯ ಪೆಡಲು ಪೂರ್ತಿ ಕೆಳಗೆ ಸಿಕ್ಕಿಕೊಂಡಿತ್ತು, ಎಡಗಡೆಯದು ಹಾಗೇ ಮೇಲಿತ್ತು. ಬನಹಟ್ಟಿಯವನನ್ನು ಹೊರಗೆ ತೆಗೆದಾಗ ಅವನ ಎದೆ ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಆಗಲೂ ನನ್ನ ತಲೆಯಲ್ಲಿ ಮೊದಲು ಬಂದದ್ದು ರಿಜಿಸ್ಟರು. ಥೂ ನನ್ನ ಜನ್ಮಕ್ಕೆ.

ಹದಿನೈದು ದಿನದ ಮೇಲೆ ವಿಚಾರಣೆ. ದೊಡ್ಡ ಸಾಹೇಬರ ಕೋಣೆಯಲ್ಲಿ, ಹೊರಗಿನಿಂದ ಬಂದ ಇಬ್ಬರು ಅಧಿಕಾರಿಗಳ ಮುಂದೆ ಕೇಳಿದ್ದು ಒಂದೇ ಪ್ರಶ್ನೆ: ಬ್ರೇಕಿನ ದೋಷ ಮೊದಲೇ ಯಾರಾದರೂ ತಿಳಿಸಿದ್ದರೇ?

‘ಇಲ್ಲ ಸರ್’ ಅಂದೆ.

ಹಲಗೆ ಹಾಕಿದ ದಿನ ಸಾಲಿನಲ್ಲಿದ್ದ ಡ್ರೈವರುಗಳನ್ನು ಒಬ್ಬೊಬ್ಬರನ್ನೇ ಕರೆದರು. ನಾನು ಬಾಗಿಲ ಬಳಿ ಬೆವರುತ್ತ ನಿಂತಿದ್ದೆ. ಒಬ್ಬನಾದರೂ ಹೇಳುತ್ತಾನೆ ಅಂದುಕೊಂಡಿದ್ದೆ. ‘ನಮಗ ಗೊತ್ತಿಲ್ರಿ.’ ‘ಎಲ್ಲಾ ಬರೋಬರಿ ಇತ್ರಿ.’ ‘ನಾ ಏನೂ ಕೇಳಿಲ್ರಿ.’ ಖರೆ ಹೇಳಿದವನ ಗತಿ ಏನಾಗುತ್ತದೆ ಅಂತ ಬಿಸಿಲಿನಲ್ಲಿ ಐದು ತಾಸು ನಾನೇ ಅವರಿಗೆ ಪಾಠ ಮಾಡಿದ್ದೆ. ಚೆನ್ನಾಗಿ ಕಲಿತಿದ್ದರು.

ಕೊನೆಗೆ ಮುದುಕನನ್ನು ಕರೆದರು. ಅವನಿಗಾಗಿ ಗುತ್ತಿಗೆದಾರನೇ ಗಾಡಿ ಕಳಿಸಿದ್ದ. ಒಗೆದ ಧೋತರ, ಬಿಳಿ ರುಮಾಲು. ನನ್ನನ್ನು ನೋಡಲೇ ಇಲ್ಲ.

‘ದೋಷ ಇರೋದು ನಿಮಗೆ ಗೊತ್ತಿತ್ತೇ? ಯಾರಿಗಾದರೂ ಹೇಳಿದ್ದಿರಾ?’

‘ಗೊತ್ತಿತ್ರಿ. ಆದ್ರ ನಾ ಯಾರಿಗೂ ಏನೂ ಹೇಳಿಲ್ರಿ’ ಅಂದ.

ಅವನು ಹೊರಗೆ ಹೋದಾಗ ಹಿಂದೆಯೇ ಓಡಿದೆ. ಬೇವಿನ ಮರದ ಕೆಳಗೆ ಹಿಡಿದು ನಿಲ್ಲಿಸಿ ಎರಡೂ ಕೈ ಮುಗಿದೆ. ‘ಕಾಕಾ, ಉಳಿಸಿದ್ರಿ ನನ್ನ’ ಅಂದೆ. ಅವನಿಗೆ ನಾನು ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

‘ಖರೆ ಹೇಳಿದಾಗ ಹಲಗಿ ಹಾಕಿದ್ರಿ. ಸುಳ್ಳ ಹೇಳಿದ ಮ್ಯಾಗ ಕೈ ಮುಗೀತೀರಿ’ ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ‘ನಿಮ್ಮ ಸಲುವಾಗಿ ಅಲ್ರಿ. ಬಾಯಿ ಮುಚ್ಚಿಕೊಂಡ್ರ ಹೊಸಾ ಟ್ರ್ಯಾಕ್ಟರ್ ಕೊಡ್ತೇನಿ ಅಂದಾರ ಮಾಲಕರು. ನಾಳೆ ಮುಂಜಾನೆ ಬಾ ಅಂದಾರ. ಆ ಹುಡುಗನ ಹೇಣ್ತಿ ಮುಖಾ ನೋಡಾಕ ನನಗ ಆಗೂದಿಲ್ಲ, ಆದ್ರ ಸ್ಟೇರಿಂಗ್ ಬಿಟ್ಟು ಕುಂದರಾಕೂ ಆಗೂದಿಲ್ಲ.’

ಒಳಗೆ ಬಂದೆ. ದೊಡ್ಡ ಸಾಹೇಬರು ವರದಿ ಬರೆಸುತ್ತಿದ್ದರು. ತಪ್ಪು ಯಾರ ಮೇಲಾದರೂ ಕೂಡಬೇಕಲ್ಲ. ಸತ್ತವನ ಮೇಲೆ ಪೂರ್ತಿ ಹಾಕಿದರೆ ಮನೆಯವರು ಗಲಾಟೆ ಮಾಡುತ್ತಾರೆ, ಗುತ್ತಿಗೆದಾರನ ಮೇಲೆ ಹಾಕಿದರೆ ಕಬ್ಬು ನಿಲ್ಲುತ್ತದೆ. ‘ಹಿಂದಿನ ಡ್ರೈವರ್ ದೋಷ ಗೊತ್ತಿದ್ದೂ ಯಾರಿಗೂ ಹೇಳಿಲ್ಲ, ಅವನ ಬಾಯಿಂದಲೇ ಬಂದಿದೆ. ಇನ್ನು ಮುಂದೆ ಅವನಿಗೆ ಇಲ್ಲಿ ಯಾವ ಗಾಡಿಯೂ ಕೊಡಕೂಡದು. ಬೇರೆ ಕಾರ್ಖಾನೆಗಳಿಗೂ ಪತ್ರ ಹೋಗಲಿ. ನಿನ್ನ ಅಕ್ಷರ ಛಲೋ ಅದಾವ, ನೀನೇ ಬರಿ’ ಅಂದರು.

ಅವರ ಮುಂದೆ ನಿಂತು ‘ಇಲ್ಲ ಸಾಹೇಬ್ರ, ಅವನು ನನಗೇ ಹೇಳಿದ್ದ’ ಅನ್ನಲಿಕ್ಕೆ ಒಂದು ಉಸಿರು ಸಾಕಿತ್ತು. ನಾನು ಪೆನ್ನು ತೆಗೆದುಕೊಂಡೆ. ಬರೆದೆ. ಒಂದು ಅಕ್ಷರವೂ ಓರೆಯಾಗಲಿಲ್ಲ. ಸಾಹೇಬರು ಚಹಾ ತರಿಸಿದರು, ಕುಡಿದೆ.

ಮರುದಿನ ಬೆಳಿಗ್ಗೆ ಏಳಕ್ಕೇ ಮುದುಕ ಗೇಟಿನ ಹೊರಗೆ ಬಂದು ನಿಂತಿದ್ದ. ಹೊಸ ಟ್ರ್ಯಾಕ್ಟರಿಗೆ ಕಟ್ಟಲು ಚೆಂಡು ಹೂವಿನ ಹಾರ ತಂದಿದ್ದ. ದೂರದಿಂದಲೇ ನನ್ನನ್ನು ನೋಡಿ ಸ್ವಲ್ಪ ನಕ್ಕ. ಹಿಂದಿನ ದಿನ ನಾನೇ ಬರೆದ ಪತ್ರ ನನ್ನ ಕೈಯಲ್ಲಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಕಾವಲುಗಾರನ ಕೈಗೆ ಕೊಟ್ಟು, ಓದಿ ಹೇಳಿ ಕಳಿಸು ಅಂದೆ.