ತಾನೇ ಎತ್ತಿಕೊಂಡ ಫೋನು

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಮಾತು. ಮೂರನೇ ಕ್ಲಾಸಿಗೇ ಬಳಪ ಬಿಸಾಕಿ ಎಮ್ಮೆ ಹಿಂದೆ ಹೋದವಳು ನಾನು. ಅಕ್ಷರ ಕೂಡಿಸುವುದು ನಿಧಾನ. ಆದರೂ ಇದನ್ನು ಬೇರೆಯವರಿಗೆ ಹೇಳಿ ಬರೆಸಲು ಬಾಯಿ ಬರಲಿಲ್ಲ.

ನಮ್ಮೂರು ಶ್ರೀರಂಗಪಟ್ಟಣದ ಪಕ್ಕ. ಕಬ್ಬು ಕಡಿಯುವ ಆಳುಗಳನ್ನು ಹೊಂದಿಸುವುದು ನನ್ನ ಮಗನ ಕೆಲಸ. ಯಾರ ಗದ್ದೆಗೆ ಯಾವ ಗುಂಪು, ಲಾರಿ ಎಷ್ಟೊತ್ತಿಗೆ, ಎಲ್ಲ ಫೋನಿನಲ್ಲೇ ಆಗಬೇಕು. ಹಳೇ ಕಾರೊಂದನ್ನು ಕೊಂಡಿದ್ದ. ಓಡಿಸುವಾಗಲೂ ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕತ್ತು ಓರೆ ಮಾಡಿಕೊಂಡೇ ಇರುತ್ತಿದ್ದ. ಒಂದು ದಿನ ನಾಲೆ ಏರಿಯ ಮೇಲೆ ಹಾಗೇ ಮಾತಾಡುತ್ತಾ ಹೋಗಿ, ಎದುರಿಗೆ ಟ್ರಾಕ್ಟರು ಬಂದು, ನಾವು ನೀರಿಗೆ ಬೀಳುವುದೊಂದು ಬಾಕಿ.

"ಲೇ, ಸಾಯೋದಾದ್ರೆ ನೀನೊಬ್ನೇ ಸಾಯಿ, ನಮ್ಮುನ್ಯಾಕ್ಲಾ ಜೊತೆಗೆ ಕರ್ಕೊಂಡೋಯ್ತೀಯ? ಕೈ ಬುಟ್ಕೊಂಡು ಮಾತಾಡೋ ಮಿಸಿನ್ನು ಬಂದೈತಂತಲ್ಲ, ಅದ ಹಾಕುಸ್ತೀಯೋ, ನಾನು ಬಸ್ಸಲ್ಲೇ ಓಡಾಡ್ಲೋ" ಎಂದೆ.

ಪಾಂಡವಪುರದಲ್ಲಿ ಅಂತಹುದನ್ನು ಹಾಕುವ ಅಂಗಡಿ ಇತ್ತು. ಹಾಕಿಸುವ ದಿನ ನಾನೂ ಹೋದೆ. ಅಂಗಡಿಯವನು ಹಳೇ ರೇಡಿಯೋ ಕಿತ್ತು, ಕೋಳಿ ಕರುಳು ತೆಗೆದ ಹಾಗೆ ವೈರುಗಳನ್ನು ಹೊರಕ್ಕೆಳೆದ. ಅದರ ಜಾಗದಲ್ಲಿ ಹೊಸ ಪೆಟ್ಟಿಗೆ ಕೂರಿಸಿದ. ಅವರೆಕಾಳಿನಷ್ಟು ಮೈಕು, ಅದನ್ನು ಮುಂದಿನ ಕನ್ನಡಿಯ ಪಕ್ಕ ಅಂಟಿಸಿ, ದಾರವನ್ನು ಬಾಗಿಲ ರಬ್ಬರಿನೊಳಗೆ ಬಚ್ಚಿಟ್ಟ. ನಾಲ್ಕು ಬಾಗಿಲಲ್ಲೂ ಸ್ಪೀಕರು. ಮಗನ ಫೋನನ್ನು ಅದಕ್ಕೆ ಸೇರಿಸಿ, "ಇದು ಎರಡು ಫೋನು ಇಡೀತದೆ" ಎಂದ.

"ಅಂಗಾರೆ ನಂದೂ ಸೇರ್ಸಪ್ಪ" ಎಂದು ಸೊಂಟದಿಂದ ನನ್ನ ಗುಂಡಿ ಫೋನು ತೆಗೆದು ಕೊಟ್ಟೆ. "ನಂಗೆ ಕಿವಿ ಮಂದ. ಜೋರಾಗಿ ಮಡಗು."

"ಫೋನು ಬಂದಾಗ ಇಲ್ಲಿ ಒತ್ಬೇಕು ಅಜ್ಜಿ."

"ಹಿಂದ್ಗಡೆ ಕೂತಿರೋಳು ಅಲ್ಲಿಗೆಂಗೆ ಕೈ ಆಕ್ಲಿ? ಅದೇ ಎತ್ಕೊಳ್ಳಂಗೆ ಮಾಡು."

ಅವನು ನಗುತ್ತಾ ಹಾಗೇ ಮಾಡಿಕೊಟ್ಟ. ಎರಡು ಸಲ ಬಡಿದುಕೊಂಡರೆ ಸಾಕು, ತಾನೇ ಎತ್ತಿಕೊಳ್ಳುತ್ತಿತ್ತು.

ಆಮೇಲೆ ನನ್ನ ಜಂಭ ಕೇಳಬೇಡಿ. ಕಾರು ಹತ್ತುವ ದಿನ ಯಾರಿಗಾದರೂ ಮೊದಲೇ ಹೇಳಿಡುತ್ತಿದ್ದೆ, ಇಷ್ಟೊತ್ತಿಗೆ ಫೋನು ಮಾಡಿ ಎಂದು. ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ಗಾಳಿಗೆ ಮಾತಾಡುವುದು. ಸೊಸೆ ಮುಂದಿನ ಸೀಟಿನಿಂದ ಆಡಿಕೊಳ್ಳುತ್ತಿದ್ದಳು: "ಅತ್ತೆಗೆ ಈ ಮಿಸಿನ್ನೂ ಬೇಡ, ಫೋನೂ ಬೇಡ ಕಣ್ರೀ. ಕಿಟಕಿ ಇಳ್ಸುದ್ರೆ ಸಾಕು, ನಾಗಮಂಗಲಕ್ಕೇ ಕೇಳ್ತದೆ."

ಆ ಸೊಸೆಯ ತೌರು ಕೆ.ಆರ್.ಪೇಟೆಯಿಂದಾಚೆ, ಹೇಮಗಿರಿ ದಾರಿಯ ಒಂದು ಊರು. ಹುಟ್ಟಿದ ಎರಡೇ ವರ್ಷಕ್ಕೆ ತಾಯಿ ಹೋದಳಂತೆ. ಅಪ್ಪನೇ ತಲೆ ಬಾಚಿ, ಜಡೆ ಹಾಕಿ ಸಾಕಿದ್ದು. ಅವಳು ಅಪ್ಪನನ್ನು ಏಕವಚನದಲ್ಲೇ ಕರೆಯುತ್ತಿದ್ದಳು, ಬೈಯುತ್ತಲೂ ಇದ್ದಳು. ಅವಳ ಚಿಕ್ಕಪ್ಪನ ಸಂಸಾರ, ಅಪ್ಪ, ಎಲ್ಲ ಒಂದೇ ಮನೆ.

ಒಂದು ದಿನ ಬೆಳಿಗ್ಗೆ ಸೊಸೆ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಆ ಚಿಕ್ಕಪ್ಪ ನನ್ನ ಫೋನಿಗೆ ಮಾಡಿದ. ಅಣ್ಣ ಎದ್ದು ಹಲ್ಲುಜ್ಜಲು ಹೋದವನು ಅಲ್ಲೇ ಕುಸಿದುಬಿದ್ದ, ಜೀವ ಹೋಯಿತು ಎಂದ. "ಅವ್ಳಿಗೆ ಏಳ್ಬೇಡಿ ಅಕ್ಕಾ. ಉಷಾರಿಲ್ಲ ಅಂತ ಕರ್ಕೊಂಡ್ಬನ್ನಿ."

ಅವನು ಹೇಳಬೇಕಾಗೇ ಇರಲಿಲ್ಲ. ನಮ್ಮ ಕಡೆ ಇರುವುದೇ ಹಾಗೆ. ತೌರಲ್ಲಿ ಸಾವಾದರೆ ಹೆಣ್ಣುಮಗಳಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಹೊಟ್ಟೆಗೆ ಹಾಕಬೇಕು, ಗೊತ್ತಾದ ಮೇಲೆ ಮಣ್ಣು ಆಗುವ ತನಕ ತುತ್ತು ಇಳಿಯುವುದಿಲ್ಲವಲ್ಲ. ಜ್ವರ ಅನ್ನಬೇಕು, ಸುಸ್ತು ಅನ್ನಬೇಕು, ಕರೆದುಕೊಂಡು ಹೋಗಬೇಕು. ನನಗೂ ಹಾಗೇ ಮಾಡಿದ್ದರು. ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಬೀದಿ ತಿರುಗುತ್ತಲೇ ಮನೆ ಮುಂದೆ ಕೊರಡು ಹಾಕಿ ಹೊಗೆ ಎಬ್ಬಿಸಿದ್ದು ಕಂಡಿತು, ಅಪ್ಪ ಹೋದ ಎಂದು ಗೊತ್ತಾಯಿತು. ಹೇಳಿದ್ದು ಹೊಗೆ, ಮನುಷ್ಯರಲ್ಲ. ಊರಿಗೆಲ್ಲ ಬಾಯಿ ಮಾಡುವ ನಾನು ಇಷ್ಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳಿಗೂ ತೌರಿನ ಸಾವು ಹೇಳಿದವಳಲ್ಲ. ಹೇಳುವ ಪದ್ಧತಿಯೇ ಇರಲಿಲ್ಲ.

ಸೊಸೆ ಬರುವುದರೊಳಗೆ ಮಗನಿಗೆ ಹೇಳಿ, ಮುದ್ದೆಗೆ ಎಸರಿಟ್ಟೆ. ಅವಳು ಬಂದಾಗ ಅವರೆಕಾಳು ಸಾರು ಕುದಿಯುತ್ತಿತ್ತು.

"ನಿಮ್ಮಪ್ಪಂಗೆ ಒಂಚೂರು ಸುಸ್ತಂತೆ ಕಣಮ್ಮಿ. ಒಂದು ಗಳಿಗೆ ನೋಡ್ಕೊಂಡು ಬಂದ್ಬುಡವ."

"ಏನಂತೆ?"

"ಜ್ವರಾನೋ ಏನೋ. ಮೊದ್ಲು ಉಣ್ಣು."

"ಅವ್ನಾ? ಒಂದು ಸೀನು ಬಂದ್ರೆ ಸಾಕು, ಸಾಯೋನಂಗೆ ಆಡ್ತಾನೆ" ಎಂದು ನಕ್ಕಳು. "ನಾನೋಗಿ ಬೈದ್ರೆ ಎದ್ದು ಕೂತ್ಕೋತಾನೆ ಬುಡಿ."

ಒಂದು ಮುದ್ದೆ ಉಂಡಳು. ಇನ್ನರ್ಧ ಇಟ್ಟು ತುಪ್ಪ ಬಿಟ್ಟೆ. ಬೇಡ ಅಂದಳು, ಬಿಡಲಿಲ್ಲ. ಹಿಂದಿನ ದಿನದ ಕನಕಾಂಬರ ಉಳಿದಿತ್ತು. ಅದನ್ನೂ ಮುಡಿಸಿದೆ. ಬರೀ ತಲೆಯಲ್ಲಿ ಹೊರಡಿಸಿದರೆ ಅನುಮಾನ ಬರುತ್ತದಲ್ಲ. ಅವಳ ಫೋನನ್ನು ಚಾರ್ಜಿಗೆ ಹಾಕಿದ ನೆಪ ಮಾಡಿ ಅಡುಗೆಮನೆಯಲ್ಲೇ ಬಿಟ್ಟೆ. ಮಗ ತನ್ನ ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಎಲ್ಲಾ ಬಂದೋಬಸ್ತು. ನನ್ನ ಸೊಂಟದಲ್ಲಿ ಒಂದಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಪಾಂಡವಪುರದಲ್ಲಿ ಸೊಸೆ ಕಾರು ನಿಲ್ಲಿಸಲು ಹೇಳಿದಳು. ಕಾಯಿಲೆಯವನನ್ನು ನೋಡಲು ಬರಿಗೈಲಿ ಹೋಗುವುದೇ ಎಂದಳು. ಬೇಡ ಅನ್ನಲು ನಮಗೆ ದಾರಿ ಎಲ್ಲಿದೆ? ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣಿನ ಗಾಡಿ. ನಾನು ಮೂಸಂಬಿಗೆ ಕೈ ಹಾಕಿದೆ.

"ಅದು ಬೇಡ ಅತ್ತೆ, ಅಪ್ಪಂಗೆ ಉಳಿ ಆಗಲ್ಲ. ದಾಳಿಂಬೆ ತಗಳ್ಳಿ. ಕಾಳು ಬುಡ್ಸಿ ಬಟ್ಲಿಗೆ ಹಾಕ್ಕೊಟ್ರೆ ತಿಂತಾನೆ."

ನಾನು ಒಂದೊಂದಾಗಿ ಎತ್ತಿ, ಬೆರಳಲ್ಲಿ ತಟ್ಟಿ ನೋಡಿ ಆರಿಸಿದೆ. ಚೌಕಾಸಿ ಕೂಡ ಮಾಡಿದೆ. ಸತ್ತವನಿಗೆ ಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ, ಒಂದು ಹಣ್ಣು ಮೆತ್ತಗಿದೆ ಎಂದು ಹಿಂದಕ್ಕಿಟ್ಟು ಬೇರೆ ತೆಗೆದುಕೊಂಡೆ. ಆ ಕೈಯನ್ನು ಈಗಲೂ ನೋಡಿಕೊಳ್ಳುತ್ತೇನೆ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹಣ್ಣಿನ ಚೀಲ ಸೊಸೆಯ ಮಡಿಲಲ್ಲಿತ್ತು. ಪೆಟ್ಟಿಗೆ ಬಡಿದುಕೊಳ್ಳತೊಡಗಿತು. ಮಗ ತನ್ನದು ಆರಿಸಿದೆಯಲ್ಲ ಎಂದು ಜೇಬು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಎರಡು ಸಲ ಆಗಿಹೋಗಿತ್ತು. ಚಿಕ್ಕಪ್ಪನ ದನಿ ಕಾರು ತುಂಬಿತು.

"ಅಕ್ಕಾ, ಎಲ್ಲಿದ್ದೀರಿ? ಗುಂಡಿ ತೋಡಾಯ್ತು. ಅಣ್ಣನ್ನ ಐಸು ಪೆಟ್ಗೇಲಿ ಮಡ್ಗಿದ್ದೀವಿ, ಕರೆಂಟು ಬೇರೆ ಓಗಿ ಓಗಿ ಬತ್ತಾ ಐತೆ."

ನಾನು ಎರಡು ಸೀಟಿನ ನಡುವೆ ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಒತ್ತಿದೆ. ಮಾತು ಪೆಟ್ಟಿಗೆಯಿಂದ ಬರುತ್ತಿರಲಿಲ್ಲ, ಬಾಗಿಲುಗಳಿಂದ ಬರುತ್ತಿತ್ತು. ಸೊಸೆಯ ಮೊಣಕಾಲಿನ ಪಕ್ಕದಿಂದಲೇ ಬರುತ್ತಿತ್ತು. ಮಗ ಒಂದು ಕೈಯಲ್ಲಿ ಗುಂಡಿಗಾಗಿ ತಡಕಾಡಿದ. ದನಿ ನಿಲ್ಲಲಿಲ್ಲ.

"ಮಗೀಗೆ ಇನ್ನೂ ಗೊತ್ತಿಲ್ಲ ತಾನೆ? ಇಲ್ಲಿಗ್ ಬರೋಗಂಟ ಬಾಯ್ಬುಡ್ಬೇಡಿ. ಅಲೋ? ಅಕ್ಕಾ, ಕೇಳುಸ್ತೈತಾ?"

ಮಗ ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಚಿಕ್ಕಪ್ಪ "ಅಲೋ, ಅಲೋ" ಅನ್ನುತ್ತಲೇ ಇದ್ದ. ಉತ್ತರ ಕೊಟ್ಟವಳು ಸೊಸೆ.

"ಚಿಕ್ಕಪ್ಪ, ನಾನು. ಕೇಳುಸ್ತು. ಪಾಂಡವಪುರ ದಾಟಿದ್ದೀವಿ. ಬತ್ತಾ ಇದ್ದೀವಿ."

ಚಿಕ್ಕಪ್ಪ ಫೋನು ಇಟ್ಟುಬಿಟ್ಟ.

ಅವಳು ಅಳಲಿಲ್ಲ. ಮುಂದಿನ ಗಾಜನ್ನೇ ನೋಡುತ್ತಾ ಕೇಳಿದಳು:

"ನಾನು ಉಣ್ಣೋವಾಗ ಗೊತ್ತಿತ್ತಾ?"

ಮಗ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಅತ್ತೆ, ನಿಮ್ಮುನ್ನ ಕೇಳ್ತಿರೋದು."

"ಗೊತ್ತಿತ್ತು."

"ಊವ ಮುಡ್ಸೋವಾಗ?"

"ಗೊತ್ತಿತ್ತು ಕಣವ್ವ."

"ನಾನು ನಗ್ತಿದ್ದೆ" ಎಂದಳು. "ಸಾಯೋನಂಗೆ ಆಡ್ತಾನೆ ಅಂದೆ. ನೀವು ತುಪ್ಪ ಬುಡ್ತಿದ್ರಿ."

ನಿನ್ನ ಒಳ್ಳೆಯದಕ್ಕೇ ಅನ್ನಬಹುದಿತ್ತು. ಎಲ್ಲರೂ ಮಾಡುವುದೇ ಹಾಗೆ ಅನ್ನಬಹುದಿತ್ತು. ಎರಡೂ ನಿಜವೇ. ಆದರೆ ಅವಳು ತಲೆಯಿಂದ ಹೂವು ತೆಗೆದು, ಎಲ್ಲಿಡಬೇಕೋ ತಿಳಿಯದೆ ಹಣ್ಣಿನ ಚೀಲದೊಳಗೇ ಹಾಕಿದಳು. ಮಗ ಮತ್ತೆ ಕಾರು ಹೊರಡಿಸಿದ.

ಊರಿನ ಬೀದಿಯಲ್ಲಿ ಇಳಿಯುವಾಗ ಚೀಲ ಅವಳ ಕೈಯಲ್ಲೇ ಇತ್ತು. ಮನೆ ಮುಂದೆ ಹೊಗೆ ಏಳುತ್ತಿತ್ತು. ಜಗಲಿಯಲ್ಲಿ ಕೂತ ಹೆಂಗಸರು ಆ ಚೀಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತು, ಅವರೂ ಎಷ್ಟು ಜನಕ್ಕೆ ಮುದ್ದೆ ಉಣ್ಣಿಸಿ ಕರೆತಂದಿಲ್ಲ? ಆದರೂ ನಾನು ತಲೆ ಎತ್ತಲಿಲ್ಲ. ಅವಳು ಒಳಗೆ ಹೋಗಿ ಐಸು ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟಳು. ಆಗ ಅತ್ತಳು.

ಸಾಯಂಕಾಲ ಮಣ್ಣು ಮುಗಿದು, ಎಲ್ಲರೂ ಸ್ನಾನ ಮಾಡಿ ಕೂತಿದ್ದಾಗ ಅಜ್ಜಿಯ ಮಾತು ಬಂತು. ಸತ್ತವನ ಹೆತ್ತ ತಾಯಿ, ತೊಂಬತ್ತರ ಹತ್ತಿರದವಳು, ನಾಗಮಂಗಲದಲ್ಲಿ ಮಗಳ ಮನೆಯಲ್ಲಿದ್ದಳು. ಆ ಮಗಳು, ಎಂದರೆ ನನ್ನ ಸೊಸೆಯ ಸೋದರತ್ತೆ, ಮದುವೆಗೆ ಹೋಗುತ್ತೇನೆ ಎಂದು ತಾಯಿಗೆ ಸುಳ್ಳು ಹೇಳಿ, ಅವಳನ್ನು ತನ್ನ ಸೊಸೆಯ ವಶಕ್ಕೆ ಬಿಟ್ಟು ಮಣ್ಣಿಗೆ ಬಂದಿದ್ದಳು.

"ಅವ್ವಂಗೆ ತಡ್ಕಳಕಾಗಲ್ಲ. ತಿಥಿ ಕಳೀಲಿ, ಆಮೇಲೆ ನಿಧಾನವಾಗಿ ಏಳವ" ಎಂದ ಚಿಕ್ಕಪ್ಪ. ಎಲ್ಲರೂ ತಲೆ ಆಡಿಸಿದರು. ಬೇರೆ ದಿನವಾಗಿದ್ದರೆ ನಾನೂ ಆಡಿಸುತ್ತಿದ್ದೆ.

ಸೊಸೆ ಗೋಡೆಗೆ ಒರಗಿದ್ದವಳು ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಅಜ್ಜಿಗೂ ದಾಳಿಂಬೆ ತಗೊಂಡೋಯ್ತೀರಾ ಅತ್ತೆ?"

ನನಗೆ ಎಲ್ಲರೂ ಬೈದಿದ್ದಾರೆ. ಗಂಡ ಬೈದಿದ್ದ, ನಾದಿನಿಯರು ಬೈದಿದ್ದರು. ಒಂದೂ ತಾಗಿದ್ದಿಲ್ಲ. ಇದು ತಾಗಿತು. ಈ ಹುಡುಗಿ ಇನ್ನು ಮೇಲೆ ನಾನು ಉಣ್ಣು ಅಂದರೆ ಯಾರು ಸತ್ತರು ಎಂದು ನನ್ನ ಮುಖ ನೋಡುತ್ತಾಳೆ. ಜ್ವರ ಅಂದರೆ ನಂಬುವುದಿಲ್ಲ. ನನ್ನ ಮಾತಿಗೆ ಅವಳ ಹತ್ತಿರ ಬೆಲೆ ಇಲ್ಲದೆ ಹೋಯಿತು.

"ನಾನೇ ಓಗಿ ಏಳ್ತೀನಿ" ಎಂದೆ.

ಸೋದರತ್ತೆ ಸಿಡುಕಿದಳು: "ನೀವ್ಯಾಕಮ್ಮ ಮಧ್ಯೆ? ನಮ್ಮವ್ವಂಗೆ ಏನಾದ್ರೂ ಎಚ್ಚುಕಮ್ಮಿ ಆದ್ರೆ?"

"ನನ್ ತಲೆ ಮೇಲೆ ಆಕು."

ಸೊಸೆ ಬೇಡ ಅನ್ನಲಿಲ್ಲ.

ಆ ಪೆಟ್ಟಿಗೆ ಈಗಲೂ ಕಾರಿನಲ್ಲಿದೆ. ಪೆಟ್ಟಿಗೆಯದೇನು ತಪ್ಪು, ಅದು ಕೇಳಿದ್ದನ್ನು ಹೇಳಿತು.

ಮಾರನೇ ಬೆಳಿಗ್ಗೆ ಕೆ.ಆರ್.ಪೇಟೆಯಿಂದ ನಾಗಮಂಗಲದ ಬಸ್ಸು ಹತ್ತಿದೆ. ಜೊತೆಯಲ್ಲಿ ಸೋದರತ್ತೆ, ದಾರಿಯುದ್ದಕ್ಕೂ ಗೊಣಗುತ್ತಲೇ ಬಂದಳು. ನಾನು ಕೈಯಲ್ಲಿ ಏನೂ ಹಿಡಿದಿರಲಿಲ್ಲ. ಅಜ್ಜಿ ಜಗಲಿಯ ಎಳೆ ಬಿಸಿಲಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದಳು. ನಮ್ಮನ್ನು ಕಂಡು ಬೊಚ್ಚು ಬಾಯಿ ಬಿಟ್ಟು ನಕ್ಕು, "ಮದ್ವೆ ಚೆನ್ನಾಗಾಯ್ತಾ? ಊಟಕ್ಕೇನ್ ಮಾಡಿದ್ರು?" ಎಂದಳು. ಒಳಗಿನಿಂದ ಕಾಫಿ ಬಂತು. ನಾನು ಲೋಟವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, ಅವಳ ಎದುರು ನೆಲಕ್ಕೆ ಕೂತು, ಎರಡೂ ಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಬೀದಿಗೆ ಕೇಳದ ಹಾಗೆ, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿದೆ:

"ಮದ್ವೆ ಅಲ್ಲ ಕಣವ್ವ. ನಿನ್ನ ದೊಡ್ಮಗ ಓಗ್ಬುಟ್ಟ. ನೆನ್ನೆ ಮಣ್ಣು ಮಾಡುದ್ವು."